ನವದಂಪತಿಗಳ ಅಡುಗೆಮನೆ



ಕಳೆದ ಚಾತುರ್ಮಾಸ್ಯದ ಒಂದು ಭಾನುವಾರ ನಮ್ಮ ಶಾಖಾಮಠದಲ್ಲಿ ಪ್ರವಚನ ಮುಗಿದು, ತೀರ್ಥಪ್ರಸಾದವಾಗಿ, ಜನರೆಲ್ಲ ಚಪ್ಪಲಿ ಹುಡುಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ ತರುಣ ದಂಪತಿಗಳಿಬ್ಬರು ನನ್ನ ಬಳಿಗೆ ಬಂದು ನಮಸ್ಕರಿಸಿ ನಿಂತರು. ಹುಡುಗ ಬಾಗಲಕೋಟೆಯ ಕಡೆಯವನು, ಹುಡುಗಿ ರಾಯಚೂರಿನ ಕಡೆಯವಳು. ಮದುವೆಯಾಗಿ ಒಂದೂವರೆ ವರ್ಷ. ವಾಕಡದಲ್ಲಿ ಬಾಡಿಗೆಯ ಮನೆ, ಇಬ್ಬರಿಗೂ ಹಿಂಜವಡಿಯಲ್ಲಿ ಕೆಲಸ. ಆ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ಕಾಕಾ, ದಿನಾ ಸಂಜೀಕೆ ಅತ್ತೆಯವರು ಫೋನ್ ಮಾಡಿ ನೈವೇದ್ಯ ಆತೇನು ಅಂತ ಕೇಳ್ತಾರ. ನಾವು ಆತು ಅಂತೀವಿ. ಆಗಿರೂದಿಲ್ಲ. ಮನ್ಯಾಗ ಒಲಿ ಹಚ್ಚಿ ಎಂಟು ದಿನ ಆತು."

ಗಂಡ ಮಾತು ಸೇರಿಸಿದ: "ಅವ್ವನ ಹಂಗ ಮಡೀಲೆ ನಾಲ್ಕು ಪದಾರ್ಥ ಮಾಡೂದು ನಮ್ಮಿಂದ ಆಗೂದಿಲ್ರಿ. ತಪ್ಪು ಮಾಡೂದಕ್ಕಿಂತ ಬಿಡೂದೇ ಛಲೋ ಅಂತ ಬಿಟ್ಟೀವಿ. ಇದರಾಗ ತಪ್ಪು ಯಾವುದು, ಬಿಟ್ಟದ್ದೋ, ಸುಳ್ಳು ಹೇಳಿದ್ದೋ?"

ಪ್ರಶ್ನೆ ಸಣ್ಣದಲ್ಲ. ಹಿಂಜವಡಿಯ ರಾಜೀವ ಗಾಂಧಿ ಇನ್ಫೊಟೆಕ್ ಪಾರ್ಕಿಗೆ ಹೋಗಿಬರುವ ನಮ್ಮ ಸಮಾಜದ ಮಕ್ಕಳಲ್ಲಿ ಎಷ್ಟೋ ಮಂದಿಯ ಮನಸ್ಸಿನಲ್ಲಿ ಇದೇ ಪ್ರಶ್ನೆ ಇರುತ್ತದೆ. ಕೇಳುವ ಧೈರ್ಯ ಕೆಲವರಿಗೆ ಮಾತ್ರ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು, ವಾಹನಗಳ ಸಾಲಿನಲ್ಲಿ ನಿಂತು ನಿಂತು, ರಾತ್ರಿ ಎಂಟಕ್ಕೆ ಮರಳುವವರಿಗೆ ಮೊಬೈಲಿನಲ್ಲಿ ಬೆರಳೊತ್ತಿದರೆ ಅರ್ಧ ಗಂಟೆಯಲ್ಲಿ ಊಟ ಬಾಗಿಲಿಗೆ ಬರುತ್ತದೆ. ಊರಿನಿಂದ ತಾಯಿ ಕಟ್ಟಿಕೊಟ್ಟ ಮೆಂತ್ಯದ ಹಿಟ್ಟು, ಗುರೆಳ್ಳಿನ ಚಟ್ನಿಪುಡಿ, ಸಾರಿನಪುಡಿ ಇವೆಲ್ಲ ಡಬ್ಬಿಯಲ್ಲಿಯೇ ಉಳಿಯುತ್ತವೆ. ಇವರನ್ನು ಗದರಿಸುವುದು ಸುಲಭ. ಆದರೆ ಗದರಿಸುವ ಅಧಿಕಾರ ನನಗಿಲ್ಲ. ಏಕಿಲ್ಲ ಎಂಬುದನ್ನು ಮುಂದೆ ನಿವೇದಿಸಿಕೊಳ್ಳುವೆ. ಮೊದಲು ಶಾಸ್ತ್ರವು ಈ ವಿಷಯದಲ್ಲಿ ಏನನ್ನುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

'ದಂಪತಿ' ಎಂಬ ಶಬ್ದವನ್ನು ನಾವು ಮದುವೆಯ ಆಮಂತ್ರಣಪತ್ರಿಕೆಯಲ್ಲಿ ಓದಿ ಮರೆಯುತ್ತೇವೆ. ಸಂಸ್ಕೃತದಲ್ಲಿ ಇದು ದ್ವಿವಚನದ ಶಬ್ದ. 'ದಮ್' ಎಂದರೆ ವೈದಿಕ ಭಾಷೆಯಲ್ಲಿ ಮನೆ. ಆದ್ದರಿಂದ ದಂಪತಿಗಳೆಂದರೆ ಒಂದು ಮನೆಯ ಇಬ್ಬರು ಒಡೆಯರು. ಒಬ್ಬರು ಒಡೆಯರು, ಇನ್ನೊಬ್ಬರು ಆಳು ಎಂಬ ಅರ್ಥಕ್ಕೆ ಈ ಶಬ್ದದಲ್ಲಿ ಎಡೆಯೇ ಇಲ್ಲ. ಋಗ್ವೇದದಲ್ಲಿ ಇದೇ ಶಬ್ದವು ಏಕವಚನದಲ್ಲಿ ಅಗ್ನಿಗೂ ಬಂದಿದೆ. ಮನೆಯ ನಿಜವಾದ ಒಡೆಯ ಮನೆಯೊಳಗೆ ಉರಿಯುವ ಅಗ್ನಿ ಎಂಬುದು ಋಷಿಗಳ ದೃಷ್ಟಿ. ಇನ್ನು 'ಪತ್ನೀ' ಶಬ್ದ. ಪಾಣಿನಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, 'ಪತಿ' ಶಬ್ದದಿಂದ 'ಪತ್ನೀ' ಎಂಬ ರೂಪವು ಯಜ್ಞದ ಸಂಬಂಧವಿದ್ದಾಗ ಸಿದ್ಧವಾಗುತ್ತದೆ ಎಂದು ವಿಧಿಸಿದ್ದಾನೆ. ಅಂದರೆ ಕೂಡಿ ಯಜ್ಞ ಮಾಡುವುದರಿಂದ ಆಕೆ ಪತ್ನಿ. ಆಕೆ ಯಜ್ಞದ ಫಲದಲ್ಲಿ ಪಾಲುಗಾರಳು, ಆತ ಯಜ್ಞದ ಶ್ರಮದಲ್ಲಿ ಪಾಲುಗಾರ.

ಈಗ ಯಜ್ಞಶಾಲೆ ಎಲ್ಲಿದೆ? ಅಗ್ನಿಹೋತ್ರವನ್ನಿಟ್ಟುಕೊಂಡ ಮನೆಗಳು ಇಂದು ಬೆರಳೆಣಿಕೆಗೆ ಸಿಗುತ್ತವೆ. ಆದರೆ ಅಗ್ನಿಯಿಲ್ಲದ ಮನೆ ಯಾವುದು? ಅಡುಗೆಮನೆಯ ಅಗ್ನಿಯೊಂದು ಎಲ್ಲರಲ್ಲಿಯೂ ಉಳಿದಿದೆ. ಮನುವು ಗೃಹಸ್ಥನ ಮನೆಯಲ್ಲಿ ತಿಳಿಯದೆ ಜೀವಹಿಂಸೆ ನಡೆಯುವ ಐದು ಸ್ಥಾನಗಳನ್ನು ಹೇಳುತ್ತಾನೆ: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು-ಒನಕೆ, ನೀರಿನ ಕೊಡ. ಐದೂ ಅಡುಗೆಗೆ ಸಂಬಂಧಿಸಿದವೇ ಎಂಬುದನ್ನು ಗಮನಿಸಿರಿ. ಈ ದೋಷದ ಪರಿಹಾರಕ್ಕಾಗಿಯೇ ಬ್ರಹ್ಮಯಜ್ಞ, ಪಿತೃಯಜ್ಞ, ದೇವಯಜ್ಞ, ಭೂತಯಜ್ಞ, ಮನುಷ್ಯಯಜ್ಞ ಎಂಬ ಪಂಚಮಹಾಯಜ್ಞಗಳು ಬಂದವು. ಅಡುಗೆ ಮಾಡುವುದೇ ಒಂದು ಋಣ. ದೇವರಿಗೆ ಅರ್ಪಿಸಿ, ಇತರರಿಗೆ ಬಡಿಸಿ, ಉಳಿದದ್ದನ್ನು ಉಣ್ಣುವುದರಿಂದ ಆ ಋಣ ತೀರುತ್ತದೆ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು, ಯಜ್ಞಶೇಷವನ್ನು ಉಣ್ಣುವವರು ಪಾಪದಿಂದ ಬಿಡುಗಡೆ ಹೊಂದುತ್ತಾರೆ, ತಮಗಾಗಿಯೇ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆ ಎಂದು ಬಹಳ ಕಠಿಣವಾಗಿಯೇ ಹೇಳಿದ್ದಾನೆ. ಕಾಠಿಣ್ಯವಿರುವುದು 'ತಮಗಾಗಿಯೇ' ಎಂಬಲ್ಲಿ. ಎಷ್ಟು ಪದಾರ್ಥ ಬೇಯಿಸಿದಿರಿ ಎಂದು ಅಲ್ಲಿ ಭಗವಂತ ಎಣಿಸಿಲ್ಲ.

ಊಟದಿಂದ ಮನಸ್ಸಿಗೆ ಏನಾಗುತ್ತದೆ ಎಂದು ಕೇಳುವ ತರುಣರಿಗೆ ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯ ಉತ್ತರ ಕೊಡುತ್ತದೆ. ಉಂಡ ಅನ್ನದ ಸ್ಥೂಲಭಾಗವು ಮಲವಾಗಿ, ಮಧ್ಯಮಭಾಗವು ಮಾಂಸವಾಗಿ, ಅತಿಸೂಕ್ಷ್ಮಭಾಗವು ಮನಸ್ಸಾಗಿ ಪರಿಣಮಿಸುತ್ತದೆ ಎಂದು ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಬೋಧಿಸುತ್ತಾನೆ. ಮಾತಿನಿಂದ ನಂಬಿಸದೆ ಪ್ರಯೋಗದಿಂದಲೇ ತೋರಿಸುತ್ತಾನೆ. ಹದಿನೈದು ದಿನ ನೀರನ್ನು ಮಾತ್ರ ಕುಡಿದು ಉಪವಾಸವಿರು ಎನ್ನುತ್ತಾನೆ. ಆಮೇಲೆ ವೇದವನ್ನು ಹೇಳು ಎಂದರೆ ಶ್ವೇತಕೇತುವಿಗೆ ಒಂದೂ ಹೊಳೆಯುವುದಿಲ್ಲ. ಉಂಡು ಬಂದ ಮೇಲೆ ಎಲ್ಲವೂ ಹೊಳೆಯುತ್ತದೆ. ಅಲ್ಲಿ ತಂದೆ ಕೊಡುವ ದೃಷ್ಟಾಂತ ಮನೋಹರವಾಗಿದೆ: ದೊಡ್ಡ ಅಗ್ನಿ ಆರಿ ಮಿಂಚುಹುಳುವಿನಷ್ಟು ಒಂದೇ ಕೆಂಡ ಉಳಿದಿದ್ದರೆ ಅದು ಹೆಚ್ಚೇನನ್ನೂ ಸುಡಲಾರದು, ಆದರೆ ಅದಕ್ಕೆ ಹುಲ್ಲು ಇಟ್ಟು ಊದಿದರೆ ಮತ್ತೆ ಪ್ರಜ್ವಲಿಸುತ್ತದೆ. ಈ ಮಿಂಚುಹುಳುವಿನಷ್ಟು ಕೆಂಡವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮತ್ತೆ ಅದರ ಪ್ರಸ್ತಾಪ ಬರುತ್ತದೆ.

ನನಗೆ ಗದರಿಸುವ ಅಧಿಕಾರವಿಲ್ಲ ಎಂದೆನಷ್ಟೆ. ಅದರ ಕಾರಣವನ್ನು ಈಗ ಹೇಳುತ್ತೇನೆ. ನಲವತ್ತು ವರ್ಷ ಇದನ್ನು ಮನೆಯ ಹೊರಗೆ ಹೇಳಿದವನಲ್ಲ. ಆ ತರುಣ ದಂಪತಿಗಳೆದುರಿಗೆ ಮೊದಲ ಸಲ ಹೇಳಿದೆ.

1985 ರಲ್ಲಿ ನನ್ನ ವಿವಾಹವಾಯಿತು. ನಾನು ಆಗ ರೈಲ್ವೆಯಲ್ಲಿ ಹೊಸಬ. ಪುಣೆಯ ಘೋರ್ಪಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದೆವು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಕಾಲವದು. ಪಡಿತರ ಚೀಟಿಯ ಸೀಮೆ ಎಣ್ಣೆ, ಪಂಪು ಹೊಡೆದು ಹೊತ್ತಿಸುವ ಹಿತ್ತಾಳೆಯ ಸ್ಟವ್. ಪಾತ್ರೆಗಳನ್ನು ತುಳಶೀಬಾಗಿನಲ್ಲಿ ಕೊಂಡಿದ್ದೆವು. ವಾರಕ್ಕೊಮ್ಮೆ ಸೈಕಲ್ ತುಳಿದು, 1886 ರಿಂದ ನಡೆದುಬಂದಿರುವ ಮಂಡಈಗೆ ಹೋಗಿ ಕಾಯಿಪಲ್ಲೆ ತರುತ್ತಿದ್ದೆ. ನನಗೆ ಸಂಸ್ಕೃತದ ಹುಚ್ಚು ಮೊದಲಿನಿಂದಲೂ ಇತ್ತು. ಪಾಳಿಯ ಕೆಲಸದ ನಡುವೆ ವ್ಯಾಕರಣ, ಧರ್ಮಶಾಸ್ತ್ರ, ಸರ್ವಮೂಲ ಎಂದು ಓದುತ್ತಿದ್ದೆ. ಓದಿದ್ದು ಹೆಚ್ಚಾದಂತೆ ಮಡಿಯ ಅಭಿಮಾನವೂ ಹೆಚ್ಚಾಯಿತು. ಅಭಿಮಾನ ನನ್ನದು, ಅದಕ್ಕೆ ತಕ್ಕ ದುಡಿಮೆ ನನ್ನ ಹೆಂಡತಿಯದು. ಉಪ್ಪು ಒಂದು ಕಾಳು ಹೆಚ್ಚಾದರೆ ನಾನು ಶ್ಲೋಕ ಹೇಳುತ್ತಿದ್ದೆ.

ಮರುವರ್ಷ ಒಂದು ರಜೆಯ ದಿನ ಊರಿನ ಕಡೆಯ ವೃದ್ಧ ಪಂಡಿತರೊಬ್ಬರನ್ನು ಭೋಜನಕ್ಕೆ ಆಹ್ವಾನಿಸಿದ್ದೆ. ಅವರ ರೈಲು ಬೆಳಿಗ್ಗೆ ಹತ್ತಕ್ಕೆ ಬರಬೇಕು. ನನ್ನ ಹೆಂಡತಿ ಆಗ ಐದು ತಿಂಗಳ ಗರ್ಭಿಣಿ. ನಸುಕಿನಲ್ಲಿ ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆ ಮಡಿಯಲ್ಲಿಯೇ ಸ್ಟವ್ ಮುಂದೆ ಕುಳಿತು, ಕೋಸಂಬರಿಯಿಂದ ಹೋಳಿಗೆಯವರೆಗೆ ಎಲ್ಲವನ್ನೂ ಒಬ್ಬಳೇ ಮಾಡಿದಳು. ರೈಲು ತಡವೆಂದು ತಿಳಿಯಿತು. ರೈಲ್ವೆಯವನ ಮನೆಗೆ ಬರುವ ಅತಿಥಿಯ ರೈಲೇ ತಡವಾಗುವುದು ವಿಧಿಯ ಹಾಸ್ಯ. ನೈವೇದ್ಯವನ್ನಾದರೂ ಮಾಡಿ ಅವಳಿಗೆ ಬಡಿಸಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಪಂಡಿತರ ಎದುರಿನಲ್ಲಿ ಸಾಂಗವಾಗಿ ಪೂಜೆ, ನೈವೇದ್ಯ ನಡೆಯಬೇಕು, ಅವರು ನೋಡಬೇಕು ಎಂಬ ಆಸೆ ನನಗೆ. "ಅತಿಥಿ ಊಟ ಆಗದೆ ನಾವು ಉಣ್ಣಬಾರದು" ಎಂದೆ. ಅವಳು ಎದುರಾಡಲಿಲ್ಲ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ನಾನು ಹೊರಕೋಣೆಯಲ್ಲಿ ಪಾರಾಯಣ ಮಾಡುತ್ತಿದ್ದೆ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವಳು ಉರಿಯುತ್ತಿದ್ದ ಸ್ಟವ್‌ನ ಪಕ್ಕದಲ್ಲಿ ಎಚ್ಚರದಪ್ಪಿ ಬಿದ್ದಿದ್ದಳು. ಸೀರೆಯ ಸೆರಗಿಗೂ ಜ್ವಾಲೆಗೂ ಒಂದು ಗೇಣು ಅಂತರ. ಆ ಕ್ಷಣದಲ್ಲಿ ನಾನು ಏನು ಮಾಡಿದೆ? ಬಾಗಿಲಲ್ಲಿ ನಿಂತೆ. ಮಡಿಯಲ್ಲಿದ್ದೇನೆ, ಮುಟ್ಟಿದರೆ ಪೂಜೆಗೆ ಮತ್ತೆ ಸ್ನಾನವಾಗಬೇಕು ಎಂಬ ವಿಚಾರ ಮನಸ್ಸಿನಲ್ಲಿ ಹಾದುಹೋಯಿತು. ಅರ್ಧ ಕ್ಷಣವಿರಬಹುದು. ಆ ಅರ್ಧ ಕ್ಷಣದಲ್ಲಿ ಪಕ್ಕದ ಮನೆಯ ಮರಾಠಿ ತಾಯಿ ಸದ್ದು ಕೇಳಿ ಒಳಗೆ ನುಗ್ಗಿ, ನನ್ನನ್ನು ದಾಟಿಹೋಗಿ, ಸ್ಟವ್‌ನ ಗಾಳಿ ಬಿಟ್ಟು ಆರಿಸಿ, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಆಮೇಲೆ ತಮ್ಮ ಮನೆಯಿಂದ ಮೆತ್ತಗಿನ ಅನ್ನಕ್ಕೆ ಮೆತ್ಕೂಟ, ತುಪ್ಪ ಕಲಸಿ ತಂದು, ಮಗುವಿಗೆ ಉಣಿಸುವಂತೆ ಉಣಿಸಿದರು. ನನ್ನ ಮನೆಯಲ್ಲಿ ಹೋಳಿಗೆಯ ತಟ್ಟೆ ತುಂಬಿತ್ತು.

ಪಂಡಿತರು ಬಂದಾಗ ಸಂಜೆ ಐದಾಗಿತ್ತು. ನಡೆದದ್ದನ್ನು ಮುಚ್ಚಿಡಲು ಆಗಲಿಲ್ಲ. ಮನೆಯ ಮುಖವೇ ಹೇಳುತ್ತಿತ್ತು. ಅವರು ಕಾಲು ತೊಳೆದುಕೊಂಡು ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಏನಪಾ, ಮನುಸ್ಮೃತಿ ಓದೀ ಅಂತಲ್ಲ? ಮೂರನೇ ಅಧ್ಯಾಯದಾಗ ಅತಿಥಿಗಿಂತ ಮೊದಲ ಉಣ್ಣೋರು ಯಾರು ಅಂತ ಹೇಳ್ಯಾನ?"

ಆ ಶ್ಲೋಕ ನನಗೆ ಬಾಯಿಪಾಠವಿತ್ತು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು, ಕುಮಾರಿಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಳಿಗಿಂತಲೂ ಮೊದಲೇ ಬಡಿಸಬೇಕು, ಅದರಲ್ಲಿ ಹಿಂದುಮುಂದು ವಿಚಾರ ಮಾಡಕೂಡದು ಎಂಬುದು ಅದರ ಅರ್ಥ. ವಿಚಾರ ಮಾಡದೆ ಬಡಿಸು ಎಂದು ಸ್ಮೃತಿಕಾರನು ಬರೆದಿಟ್ಟಿದ್ದ. ನಾನು ಬಾಗಿಲಲ್ಲಿ ನಿಂತು ವಿಚಾರ ಮಾಡಿದ್ದೆ. ಬಾಯಿಂದ ಮಾತು ಹೊರಡಲಿಲ್ಲ. ಅವರೇ ಹೇಳಿದರು: "ಆ ಹುಡುಗಿ ಹೊಟ್ಟಿಗೆ ಹತ್ತು ಗಂಟೆಕ್ಕ ಹಾಕಿದ್ದರ ನನ್ನ ಊಟ ಆಗಲೇ ಆಗ್ತಿತ್ತು. ಇನ್ನ ಮ್ಯಾಲೆ ಮಡಿ ಅನ್ನೂದನ್ನ ಮೊದಲ ಮನಸ್ಸಿಗೆ ಉಡಸು, ಆಮ್ಯಾಲೆ ಮೈಗೆ." ಬಳಿಕ ನೈವೇದ್ಯವಾಯಿತು. ಆರಿಹೋಗಿದ್ದ ಅಡುಗೆಯನ್ನು ಅವರು ಪ್ರೀತಿಯಿಂದ ಉಂಡರು. ಪಕ್ಕದ ಮನೆಯ ಆ ತಾಯಿಯನ್ನು ಕರೆಸಿ, ಕೈಮುಗಿದು, ಅನ್ನಪೂರ್ಣೆ ಎಂದರು. ದೇವರ ದಯದಿಂದ ಮಗಳು ಸುಸೂತ್ರವಾಗಿ ಹುಟ್ಟಿದಳು.

ಇಷ್ಟನ್ನು ಕೇಳಿ ಆ ತರುಣನು, "ಹಂಗಾದ್ರ ಮಡಿ, ನೈವೇದ್ಯ ಇವೆಲ್ಲಾ ಬ್ಯಾಡ ಅಂತೀರೇನ್ರಿ?" ಎಂದ. ಖಂಡಿತ ಇಲ್ಲ. ನನ್ನ ತಪ್ಪು ಆಚಾರವನ್ನು ಹಿಡಿದದ್ದರಲ್ಲಿ ಇರಲಿಲ್ಲ. ಆಚಾರದ ಒಳಗಿರುವ ಯಜ್ಞವನ್ನು ಬಿಟ್ಟು ಅದರ ಆಡಂಬರವನ್ನು ಹಿಡಿದದ್ದರಲ್ಲಿತ್ತು. ಅಂದು ನಾನು ಬಯಸಿದ್ದು ದೇವರ ಪ್ರೀತಿಯನ್ನಲ್ಲ, ಪಂಡಿತರ ಮೆಚ್ಚುಗೆಯನ್ನು. ಗೀತೆಯ ಮಾತಿನಂತೆ ಅದು ನನಗಾಗಿಯೇ ಬೇಯಿಸಿಕೊಂಡ ಅನ್ನ. ಹೋಳಿಗೆಯಿದ್ದರೂ ಅದು ಪಾಪಾನ್ನ. ಪಕ್ಕದ ಮನೆಯ ಒಂದು ಹಿಡಿ ಅನ್ನ ಯಜ್ಞ. ನಾನು ಹಿಗ್ಗಿಸಿ ಕೆಡಿಸಿದೆ, ನೀವು ಕುಗ್ಗಿಸಲಾರದೆ ಬಿಟ್ಟಿರಿ. ಇಬ್ಬರ ತಪ್ಪೂ ಒಂದೇ: ಸಣ್ಣದನ್ನು ದೇವರು ಒಪ್ಪಲಾರನೆಂದು ತಿಳಿದದ್ದು.

ಸಣ್ಣದನ್ನು ದೇವರು ಹೇಗೆ ಒಪ್ಪುತ್ತಾನೆ ಎಂಬುದಕ್ಕೆ ಭಾಗವತದ ದಶಮಸ್ಕಂಧದ ಕುಚೇಲನ ಕಥೆಯನ್ನು ಎಲ್ಲರೂ ಬಲ್ಲಿರಿ. ಅದನ್ನು ಸ್ನೇಹದ ಕಥೆಯೆಂದು ಹೇಳುವುದು ರೂಢಿ. ಅದು ದಾಂಪತ್ಯದ ಕಥೆಯೂ ಹೌದು. ಕೃಷ್ಣನನ್ನು ಕಾಣಲು ಹೋಗಿರೆಂದು ಹೇಳಿದವಳು ಪತ್ನಿ. ಬರಿಗೈಯಲ್ಲಿ ಹೋಗಬಾರದೆಂದು ಪತಿ ಹೇಳಿದಾಗ ನೆರೆಹೊರೆಯಲ್ಲಿ ಬೇಡಿ ನಾಲ್ಕು ಹಿಡಿ ಅವಲಕ್ಕಿಯನ್ನು ತಂದು ಬಟ್ಟೆಯಲ್ಲಿ ಕಟ್ಟಿಕೊಟ್ಟವಳೂ ಆಕೆಯೇ. ಕೊಡಲು ನಾಚಿ ಮುಚ್ಚಿಟ್ಟುಕೊಂಡವನು ಪತಿ. ಕಿತ್ತುಕೊಂಡು ತಿಂದವನು ಪರಮಾತ್ಮ. ಒಂದು ಹಿಡಿ ತಿಂದು ಎರಡನೆಯದಕ್ಕೆ ಕೈಹಾಕಿದಾಗ ರುಕ್ಮಿಣೀದೇವಿ ಕೈಹಿಡಿದಳು. ಆ ಅವಲಕ್ಕಿಗೆ ಒಲೆಯೂ ಬೇಕಿರಲಿಲ್ಲ. ಪುಣೆಯಲ್ಲಿ 'ಪೋಹೆ' ಎಂದು ಮನೆಮನೆಯಲ್ಲಿ ಬೆಳಿಗ್ಗೆ ಆಗುವುದು ಆ ಅವಲಕ್ಕಿಯೇ ತಾನೆ? ಅದನ್ನು ತಿನ್ನುವ ಮೊದಲು ತುಳಸೀದಳವನ್ನಿಟ್ಟು ಸಮರ್ಪಿಸಲು ಯಾವ ಕಚೇರಿ ಅಡ್ಡಬರುತ್ತದೆ?

ಇನ್ನೊಂದು ದಾಂಪತ್ಯವನ್ನು ನೆನೆಯೋಣ. ಮಂತ್ರಾಲಯದ ಪ್ರಭುಗಳು 1621 ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸ ಸ್ವೀಕರಿಸುವ ಮೊದಲು ವೇಂಕಟನಾಥಾಚಾರ್ಯರೆಂಬ ಗೃಹಸ್ಥರಾಗಿದ್ದರು. ಸರಸ್ವತಿಯೆಂಬ ಸಾಧ್ವಿ ಅವರ ಧರ್ಮಪತ್ನಿ. ಪಾಠ ಹೇಳಿ ಹಣ ತೆಗೆದುಕೊಳ್ಳದ ಆ ಮನೆಯ ದಾರಿದ್ರ್ಯವನ್ನು 'ರಾಘವೇಂದ್ರವಿಜಯ'ದಲ್ಲಿ ಓದಿದರೆ ಕಣ್ಣು ತೇವವಾಗುತ್ತದೆ. ಅನ್ನವಿಲ್ಲದ ದಿನಗಳಲ್ಲಿಯೂ ಅಲ್ಲಿ ಪಾಠ ನಿಲ್ಲಲಿಲ್ಲ. ಆ ದಿನಗಳ ಒಂದು ಐತಿಹ್ಯ ನಮ್ಮಲ್ಲಿ ಪ್ರಸಿದ್ಧವಾಗಿದೆ. ಒಂದು ಮನೆಯ ಸಮಾರಂಭಕ್ಕೆ ಹೋದಾಗ ಅವರನ್ನು ಯಾರೆಂದು ಅರಿಯದೆ ಗಂಧ ತೇಯಲು ಕೂರಿಸಿದರು. ಅವರು ಅಗ್ನಿಸೂಕ್ತವನ್ನು ಮನಸ್ಸಿನಲ್ಲಿಯೇ ಜಪಿಸುತ್ತ ತೇದರು. ಆ ಗಂಧವನ್ನು ಲೇಪಿಸಿಕೊಂಡವರಿಗೆಲ್ಲ ಮೈ ಉರಿಯಿತು. ಆಮೇಲೆ ವರುಣಮಂತ್ರದಿಂದ ಶಾಂತವಾಯಿತು. ಈ ಕಥೆಯನ್ನು ಅವರ ಮಹಿಮೆಗಾಗಿ ಹೇಳುತ್ತೇವೆ, ಅದು ಸರಿಯೇ. ಅಡುಗೆಮನೆಗೂ ಅದರಲ್ಲಿ ಒಂದು ಪಾಠವಿದೆ. ಕೈ ಮಾಡುವಾಗ ಮನಸ್ಸಿನಲ್ಲಿ ಏನಿರುತ್ತದೆಯೋ ಅದು ಪದಾರ್ಥದೊಳಗೆ ಇಳಿಯುತ್ತದೆ. ಸಿಟ್ಟಿನಿಂದ ಕುಕ್ಕಿ ಇಟ್ಟ ಕುಕ್ಕರಿನ ಅನ್ನ ಉಂಡವರ ಎದೆಯನ್ನು ಉರಿಸುತ್ತದೆ. "ನಾನೊಬ್ಬಳೇ ಏಕೆ ಮಾಡಬೇಕು" ಎಂಬ ನೋವು ಮನಸ್ಸಿನಲ್ಲಿದ್ದರೆ ಆ ಅನ್ನಕ್ಕೆ ಎಷ್ಟು ತುಳಸಿ ಹಾಕಿದರೂ ಶಾಂತಿಯಿಲ್ಲ. ಆ ನೋವನ್ನು ತೆಗೆಯುವ ವರುಣಮಂತ್ರ ಗಂಡನ ಕೈಯಲ್ಲಿದೆ.

ಗಂಡಸರು ಒಲೆಯ ಮುಂದೆ ನಿಲ್ಲುವುದು ನಮ್ಮ ಸಂಪ್ರದಾಯವಲ್ಲ ಎಂದು ಯಾರಾದರೂ ಅಂದರೆ ನಗು ಬರುತ್ತದೆ. ನಮ್ಮ ಮಠಗಳಲ್ಲಿ ದೇವರ ನೈವೇದ್ಯಕ್ಕೆ ಅಡುಗೆ ಮಾಡುವವರು ಯಾರು? ಮಡಿಯುಟ್ಟ ಗಂಡಸರೇ ಅಲ್ಲವೇ? ನಮಗೆ ಪರಮಗುರುಗಳಾದ ವಾಯುದೇವರೇ ಭೀಮಸೇನನಾಗಿ ಅವತರಿಸಿದಾಗ ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಿಂದ ಒಂದು ವರ್ಷ ಬಾಣಸಿಗನಾಗಿದ್ದರು. ನಳಮಹಾರಾಜನ ಪಾಕ ಇಂದಿಗೂ ಗಾದೆಯಾಗಿ ಉಳಿದಿದೆ. ಹೀಗಿರುವಾಗ ಸೌಟು ಹಿಡಿದರೆ ಗೌರವ ಕಡಿಮೆಯಾಗುವುದೆಂಬ ಭಾವನೆ ಎಲ್ಲಿಂದ ಬಂತೋ ತಿಳಿಯದು. ನನ್ನ ಕೆಲಸದಿಂದಲೇ ಒಂದು ದೃಷ್ಟಾಂತ ಕೊಡುತ್ತೇನೆ. ರೈಲಿನ ಮುಂದೆ ಚಾಲಕ, ಹಿಂದೆ ಗಾರ್ಡ್. 2022 ರಿಂದ ಅವರಿಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರಾಗಿದೆ. ಮುಂದಿನವನಿಗೆ ಸಿಗ್ನಲ್ ದೊರೆತರೂ ಹಿಂದಿನವನು ಹಸಿರು ಬಾವುಟ ತೋರದೆ ಪ್ರಯಾಣಿಕರ ಗಾಡಿ ನಿಲ್ದಾಣ ಬಿಡುವುದಿಲ್ಲ. ಒಬ್ಬರು ದೊಡ್ಡವರು, ಒಬ್ಬರು ಸಣ್ಣವರು ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇಬ್ಬರೂ ಒಪ್ಪಿದರೆ ಗಾಡಿ. 'ದಂಪತಿ' ಎಂಬ ದ್ವಿವಚನದ ಅರ್ಥವೂ ಇದೇ.

ಹಾಗಾದರೆ ಬಿಡುವಿಲ್ಲದ ನವದಂಪತಿಗಳು ಏನು ಮಾಡಬೇಕು? ಆ ಇಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಇದು ವಿಧಿಯಲ್ಲ, ಅನುಭವದ ಮಾತು. ಆಚಾರದ ಸಂದೇಹಗಳನ್ನು ಮಠದ ಆಚಾರ್ಯರಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಬೆಳಿಗ್ಗೆ ಅರ್ಧ ಗಂಟೆ ಮೊದಲು ಏಳಿರಿ. ಇಬ್ಬರ ಸ್ನಾನವೂ ಆಗಲಿ. ಒಬ್ಬರು ದೇವರ ಮುಂದೆ ದೀಪ ಹಚ್ಚಿ ಪೂಜೆಗೆ ಅಣಿಮಾಡುವಾಗ ಇನ್ನೊಬ್ಬರು ಒಂದೇ ಕುಕ್ಕರಿನಲ್ಲಿ ಅನ್ನಕ್ಕೂ ಬೇಳೆಗೂ ಇಡಿರಿ. ವಾರಕ್ಕೊಮ್ಮೆ ಸರದಿ ಬದಲಾಗಲಿ. ಒಲೆ ಹೊತ್ತಿಸುವಾಗ ಅಗ್ನ್ಯಂತರ್ಗತನಾದ ಪರಶುರಾಮದೇವರನ್ನು ಸ್ಮರಿಸಿರಿ. ಅದಕ್ಕೆ ಒಂದು ನಿಮಿಷವೂ ಬೇಡ. ಅನ್ನ, ತೊವ್ವೆ, ಒಂದು ಚಮಚ ತುಪ್ಪ. ಊರಿನಿಂದ ಬಂದ ಡಬ್ಬಿಯಲ್ಲಿ ಮೆಂತ್ಯದ ಹಿಟ್ಟಿದೆ. ಬಾಲ್ಕನಿಯಲ್ಲಿ ಒಂದು ತುಳಸಿಯ ಕುಂಡವಿರಲಿ. ಅನ್ನದ ಮೇಲೆ ತುಳಸೀದಳವನ್ನಿಟ್ಟು, ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನಿಗೆ ಸಮರ್ಪಿಸಿರಿ. ಮಾನವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಭೋಜನದ ವಿಷಯಕ್ಕೆಂದೇ ಒಂದು ಸಂಧಿಯನ್ನು ಮೀಸಲಿಟ್ಟು, ತಟ್ಟೆಯ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ಒಂದೊಂದು ರೂಪವನ್ನು ಕಾಣಲು ಕಲಿಸಿದ್ದಾರೆ. ಅನ್ನದಲ್ಲಿ ಕೇಶವ, ತುಪ್ಪದಲ್ಲಿ ಗೋವಿಂದ. ನಾಲ್ಕು ಪದಾರ್ಥವಿದ್ದರೆ ನಾಲ್ಕು ರೂಪಗಳ ಚಿಂತನೆ, ಎರಡಿದ್ದರೆ ಎರಡು ರೂಪಗಳ ಚಿಂತನೆ. ಪದಾರ್ಥ ಕಡಿಮೆಯಾಯಿತೆಂದು ಪರಿಪೂರ್ಣನಾದವನು ಕಡಿಮೆಯಾಗುವುದಿಲ್ಲ.

ಹಾಗೆ ಸಮರ್ಪಿತವಾದ ಅನ್ನವನ್ನೇ ಡಬ್ಬಿಗೆ ತುಂಬಿಕೊಂಡು ಕಚೇರಿಗೆ ಒಯ್ಯಿರಿ. ಮಧ್ಯಾಹ್ನ ಮೇಜಿನ ಮುಂದೆ ಡಬ್ಬಿ ತೆರೆದಾಗ, ಹೊಟ್ಟೆಯೊಳಗೆ ವೈಶ್ವಾನರನಾಗಿ ನಿಂತು ಅನ್ನವನ್ನು ಪಚನ ಮಾಡುವವನು ತಾನೇ ಎಂದು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತ ಹೇಳಿದ್ದನ್ನು ಒಮ್ಮೆ ನೆನೆದರೆ ಆ ಊಟವೂ ಹೋಮವಾಗುತ್ತದೆ. ರಾತ್ರಿ ಆಗದ ದಿನ ಆಗಲಿಲ್ಲವೆಂದು ಕೊರಗಬೇಡಿರಿ. ಹಾಲು, ಹಣ್ಣು, ಅವಲಕ್ಕಿ ಇವೆ. ಭಾನುವಾರ ಇಬ್ಬರೂ ಕೂಡಿ ಮಡಿಯಿಂದ ನಿಧಾನವಾಗಿ ಅಡುಗೆ ಮಾಡಿರಿ. ಚಾತುರ್ಮಾಸ್ಯದಲ್ಲಿ ಮೊದಲು ಶಾಕ, ಆಮೇಲೆ ದಧಿ, ಕ್ಷೀರ, ದ್ವಿದಳ ಎಂದು ತಿಂಗಳಿಗೊಂದು ವ್ರತ ಬರುತ್ತದೆಯಲ್ಲ, ಅದರಲ್ಲಿ ಕೈಲಾದಷ್ಟನ್ನು ಹಿಡಿಯಿರಿ. ಶಾಕವ್ರತದ ಕಾಲದ ಹೆಸರುಬೇಳೆಯ ತೊವ್ವೆ, ಮೆಣಸು-ಜೀರಿಗೆಯ ಸಾರು ನವದಂಪತಿಗಳಿಗೆ ಕಲಿಯಲು ಎಲ್ಲಕ್ಕಿಂತ ಸುಲಭವಾದ ಅಡುಗೆ. ತಿಂಗಳಿಗೆ ಒಮ್ಮೆಯಾದರೂ ಹೊರಗಿನವರೊಬ್ಬರಿಗೆ ಬಡಿಸಿರಿ. ಮನೆಯಲ್ಲಿ ಬಳಲಿದವರು, ಬಸುರಿಯರು, ರೋಗಿಗಳು ಇದ್ದರೆ ಎಲ್ಲರಿಗಿಂತ ಮೊದಲು ಅವರಿಗೆ, ವಿಚಾರ ಮಾಡದೆ.

ಕೊನೆಯದಾಗಿ ಸುಳ್ಳಿನ ಮಾತು. "ಇವತ್ತೇ ನಿಮ್ಮ ತಾಯಿಯವರಿಗೆ ನಿಜ ಹೇಳಿರಿ" ಎಂದೆ. ತಾಯಿಗೆ ಹೇಳುವ ಸುಳ್ಳು ದಿನಕ್ಕೊಂದು ಹನಿಯಂತೆ ಬಿದ್ದು ಕೆಂಡವನ್ನು ಆರಿಸುತ್ತದೆ. ಹಿರಿಯರಲ್ಲಿಯೂ ನನ್ನ ಒಂದು ಬಿನ್ನಹವಿದೆ. "ನೈವೇದ್ಯ ಆಯಿತೇ" ಎಂದು ದೂರದಿಂದ ಕೇಳುವಾಗ "ನೀವು ಉಂಡಿರಾ" ಎಂದು ಮೊದಲು ಕೇಳಿರಿ. ನಮ್ಮ ಪ್ರಶ್ನೆ ಪರೀಕ್ಷೆಯಂತೆ ಕೇಳಿಸಿದರೆ ಮಕ್ಕಳು ಉತ್ತೀರ್ಣರಾಗುವ ಉತ್ತರವನ್ನೇ ಕೊಡುತ್ತಾರೆ.

ಉತ್ಥಾನದ್ವಾದಶಿ ಕಳೆದ ಮೇಲಿನ ಭಾನುವಾರ ಆ ಮಕ್ಕಳು ನಮ್ಮಿಬ್ಬರನ್ನು ಊಟಕ್ಕೆ ಕರೆದರು. ವಾಕಡದ ಹತ್ತನೆಯ ಅಂತಸ್ತಿನ ಆ ಮನೆಯಲ್ಲಿ ಅಂದಿನ ಅಡುಗೆ ಗಂಡನದು, ಪೂಜೆಯ ಅಣಿ ಹೆಂಡತಿಯದು. ಅನ್ನ ತಳ ಹಿಡಿದಿತ್ತು, ತೊವ್ವೆಗೆ ಉಪ್ಪು ಕಡಿಮೆಯಿತ್ತು. ತಾಯಿಗೆ ನಿಜ ಹೇಳಿದಾಗ ಏನೆಂದರು ಎಂದು ಕೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದುವಿಯಾದ ಹೊಸದಾಗಿ ನಾನೂ ನಮ್ಮ ಅತ್ತೀಗೆ ಭಾಳ ಸುಳ್ಳು ಹೇಳೀನಿ. ಅನ್ನ-ತೊವ್ವಿ ಆದ್ರ ಸಾಕು, ಕೃಷ್ಣಗ ಭಾಳಾತು" ಎಂದರಂತೆ. ಬಡಿಸುವ ಹೊತ್ತಿಗೆ ಆ ಹುಡುಗ ಅತಿಥಿಯೆಂದು ನನ್ನ ಎಲೆಗೆ ಮೊದಲು ಬಂದ. ನಾನು ಕೈ ಅಡ್ಡ ಹಿಡಿದು, ಪಕ್ಕದಲ್ಲಿದ್ದ ನನ್ನ ಹೆಂಡತಿಯ ಎಲೆಯನ್ನು ತೋರಿಸಿದೆ. ಅವಳು ನಕ್ಕು, "ನಲವತ್ತು ವರ್ಷಕ್ಕ ರೈಲು ಬಂತು" ಎಂದಳು.

ದೊಡ್ಡ ಅಗ್ನಿ ಎಲ್ಲರ ಮನೆಯಲ್ಲಿಯೂ ಇಲ್ಲದಿರಬಹುದು. ಉದ್ದಾಲಕನು ಹೇಳಿದ ಮಿಂಚುಹುಳುವಿನಷ್ಟು ಕೆಂಡ ಇದ್ದೇ ಇದೆ. ಅದಕ್ಕೆ ದಿನವೂ ಒಂದು ಹಿಡಿ ಅಕ್ಕಿ, ಒಂದು ತುಳಸೀದಳ, ಇಬ್ಬರ ಒಂದು ಮನಸ್ಸು ಇಷ್ಟನ್ನು ಇಟ್ಟು ಊದಿರಿ. ಪ್ರಜ್ವಲಿಸುವ ಕೆಲಸ ಅವನದು.

ಶ್ರೀಕೃಷ್ಣಾರ್ಪಣಮಸ್ತು.